ತುಂಗಮ್ಮನ ಕೂದಲು ಹೋದ ಕತೆ

ಬಾ, ಈ ಕಡೆ ತಿರುಗಿ ಮಲಗು, ಕಾಲು ಒಳಗೆಳ್ಕೋ. ನಿಮ್ಮ ಸ್ಕೂಲ್ ಮಿಸ್ಸು ತಲೇಲಿ ಕೂದಲಿಲ್ಲದೆ ಬಂದ್ರು ಅಂತ ಹೆದರಿಕೊಂಡಿದ್ಯಲ್ಲ, ಅದಕ್ಕೇ ಇವತ್ತು ಈ ಕತೆ.

ಒಂದಾನೊಂದು ಕಾಲದಲ್ಲಿ, ರಾಜರ ಕಾಲ ಅಲ್ಲ ಮತ್ತೆ, ಬಸ್ಸು ಕರೆಂಟು ಎಲ್ಲ ಬಂದಮೇಲಿನ ಒಂದಾನೊಂದು ಕಾಲದಲ್ಲಿ, ಹೊಳೆ ದಂಡೆ ಊರಲ್ಲಿ ತುಂಗಮ್ಮ ಅಂತ ಒಬ್ಬಳಿದ್ದಳಂತೆ. ಗಂಡ ಶ್ಯಾಮಣ್ಣ ಬಸ್ ಕಂಡಕ್ಟರು. ಮಕ್ಕಳು ಮೂರು, ಮೂರೂ ಹೆಣ್ಣು. ತುಂಗಮ್ಮನ ಕಂಠ ಬಲು ಚೆಂದ, ಊರಲ್ಲಿ ಯಾರ ಮನೆ ಮದುವೆಯಾದ್ರೂ ಹಸೆಗೆ ಕರೆಯೋ ಹಾಡು ಅವಳೇ ಹೇಳಬೇಕು, ಆರತಿ ಅವಳೇ ಎತ್ತಬೇಕು. ಕೂದಲು ಹೇಗಿತ್ತು ಅಂತೀಯಾ? ಮಂಡಿವರೆಗೆ ಇಳಿಯೋ ಜಡೆ ಏನಲ್ಲಮ್ಮ, ಇಲಿಬಾಲದಂಥದ್ದು, ಚೌರಿ ಸೇರಿಸದಿದ್ರೆ ಹೂವೇ ನಿಲ್ತಿರಲಿಲ್ಲವಂತೆ.

ಅವರ ಮನೇಲಿ ಲಚ್ಚತ್ತೆ ಅಂತ ಒಬ್ಬ ಮುದುಕಿ ಇದ್ದಳಂತೆ, ತುಂಗಮ್ಮನ ಅಪ್ಪನ ಅಕ್ಕ, ಅದೇ ಊರಿನ ತವರುಮನೆಯಿಂದ ಬಂದು ಇವಳ ಜೊತೆಗಿದ್ದವಳು. ಪುಟ್ಟ ಹುಡುಗಿಯಾಗಿದ್ದಾಗಲೇ ಅವಳಿಗೆ ಮದುವೆ ಮಾಡಿದ್ರಂತೆ, ಗಂಡನ ಮುಖ ಸರಿಯಾಗಿ ನೋಡೋ ಮುಂಚೆ ಅವನು ಸತ್ತೇ ಹೋದ್ನಂತೆ. ಆಗೆಲ್ಲ ಅವರ ಪೈಕಿ ಗಂಡ ಸತ್ತೋರ ತಲೆ ಬೋಳಿಸ್ತಿದ್ರು ಕಣೆ. ತಿಂಗಳಿಗೊಂದು ಸಲ ಕ್ಷೌರದವನು ಹಿತ್ತಲಿಗೆ ಬರೋನು, ಲಚ್ಚತ್ತೆ ತಲೆ ಬಗ್ಗಿಸಿ ಕೂರೋಳು. ತವರಲ್ಲಿ ಆಗಿನ್ನೂ ಚಿಕ್ಕ ಹುಡುಗಿಯಾಗಿದ್ದ ತುಂಗಮ್ಮ ಬಾಗಿಲ ಸಂದಿಯಿಂದ ನೋಡಿ ನಡುಗೋಳಂತೆ. ಒಳ್ಳೆ ಕೆಲಸಕ್ಕೆ ಹೊರಟೋರಿಗೆ ಲಚ್ಚತ್ತೆ ಎದುರಾದ್ರೆ ಒಳಗೆ ಬಂದು, ನೀರು ಕುಡಿದು, ಒಂದು ಗಳಿಗೆ ಕೂತು, ಆಮೇಲೆ ಹೋಗೋರಂತೆ.

ಹೀಗಿರುವಾಗ ತುಂಗಮ್ಮನಿಗೆ ಸ್ನಾನ ಮಾಡ್ತಾ ಎಡಗಡೆ ಎದೇಲಿ ಹುಣಿಸೆ ಬೀಜದಷ್ಟು ಗಂಟು ಕೈಗೆ ಸಿಕ್ತಂತೆ. ನೋವಿಲ್ಲ, ಇದನ್ನ ಯಾರ ಹತ್ರ ಹೇಳ್ಕೊಳ್ಳೋದು ಅಂತ ಸುಮ್ಮನಿದ್ದಳಂತೆ. ಆಮೇಲೆ ಅದು ನಿಂಬೆಕಾಯಷ್ಟಾಯ್ತಂತೆ, ಆಮೇಲೆ ಗಂಡನಿಗೆ ಹೇಳಿದಳಂತೆ, ಅವನು ಪಟ್ಟಣದ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದ್ನಂತೆ, ಅಲ್ಲಿ ಕ್ಯಾನ್ಸರ್ ಅಂದ್ರಂತೆ, ಆ ಕಡೆ ಎದೆ ತೆಗೆದೇಬಿಟ್ರಂತೆ. ಅದಕ್ಕೂ ಅವಳು ಅಳಲಿಲ್ಲವಂತೆ. ಆಮೇಲೆ ಡಾಕ್ಟರಮ್ಮ ಬಂದು, ಇನ್ನು ಕೀಮೋ ಅಂತ ಔಷಧಿ ಕೊಡಬೇಕಮ್ಮ, ಕೈ ನರಕ್ಕೆ ತೊಟ್ಟು ತೊಟ್ಟಾಗಿ ಬಿಡ್ತೀವಿ, ವಾಂತಿಯಾಗುತ್ತೆ, ಕೂದಲೆಲ್ಲ ಉದುರುತ್ತೆ, ಮುಗಿದಮೇಲೆ ಮತ್ತೆ ಬರುತ್ತೆ ಅಂದಳಂತೆ. ಉದುರುತ್ತೆ ಅನ್ನೋದಷ್ಟೇ ತುಂಗಮ್ಮನ ಕಿವಿಗೆ ಬಿದ್ದಿದ್ದು. ಅವತ್ತು ಅತ್ತಳಂತೆ.

ಮೊದಲನೇ ಸಲ ಗಂಡ ಜೊತೆಗೆ ಹೋದ್ನಂತೆ. ಮನೆಗೆ ಬಂದಮೇಲೆ ಕುಡಿದ ನೀರೂ ನಿಲ್ಲಲಿಲ್ಲ, ಅನ್ನದ ವಾಸನೆ ಬಂದ್ರೆ ಹೊಟ್ಟೆ ಕಿತ್ತು ಬರೋದು. ಸ್ವಲ್ಪ ದಿನ ಕಳೆದು ತಲೆಗೆ ಎಣ್ಣೆ ಹಚ್ಚೋಕೆ ಕೈ ಹಾಕಿದ್ರೆ ಕೂದಲು ಹಿಡಿಹಿಡಿಯಾಗಿ ಬೆರಳಿಗೇ ಬಂತಂತೆ. ದಿಂಬಿನ ಮೇಲೆ ಕೂದಲು, ತಟ್ಟೇಲಿ ಕೂದಲು, ಬಚ್ಚಲ ಜಾಲರೀಲಿ ಕೂದಲು. ನಡುವಿನ ಮಗಳು ದಿನಾ ಗುಡಿಸೋಳಂತೆ. ಆಮೇಲೆ ಹುಬ್ಬೂ ಹೋಯ್ತಂತೆ. ಶ್ಯಾಮಣ್ಣ ಪಟ್ಟಣದಿಂದ ಒಂದು ವಿಗ್ ತಂದ್ನಂತೆ, ಅವಳು ಒಂದು ಸಲ ಹಾಕ್ಕೊಂಡು ಕಿತ್ತೆಸೆದಳಂತೆ. ರೀ, ನೀವು ಬದುಕಿರುವಾಗಲೇ ನನ್ನ ತಲೆ ಹೀಗಾಯ್ತಲ್ಲ, ಇದು ನಿಮ್ಮನ್ನ ತಿನ್ನೋಕೇ ಬಂದಿದೆ ಅಂದಳಂತೆ. ಇಲ್ಲ ಕಣೆ, ಅದು ಔಷಧೀದು ಅಂತ ಅವನು ಎಷ್ಟು ಹೇಳಿದ್ರೂ ಕೇಳಲಿಲ್ಲವಂತೆ. ಅವನು ಡ್ಯೂಟಿಗೆ ಹೋದ್ರೆ ವಾಪಸ್ ಬರೋವರೆಗೆ ಕಿಟಕಿ ಹತ್ರ ಕೂತಿರೋಳಂತೆ, ಬಸ್ಸು ಐದು ನಿಮಿಷ ತಡವಾದ್ರೆ ಎದ್ದು ಬೀದಿ ಬಾಗಿಲಿಗೆ ಹೋಗಿ ನಿಲ್ಲೋಳಂತೆ.

ಎರಡನೇ ಸಲ ಗಂಡನಿಗೆ ರಜ ಸಿಗಲಿಲ್ಲ, ಒಬ್ಬಳೇ ಹೋದಳಂತೆ. ಬಸ್ಸಲ್ಲಿ ಸೆರಗು ಜಾರಿತು, ಪಕ್ಕದಲ್ಲಿ ಕೂತಿದ್ದೋಳು ಎದ್ದು ಬೇರೆ ಕಡೆ ಹೋಗಿ ಕೂತಳಂತೆ. ಅದಾದಮೇಲೆ ಆಚೆ ಬೀದೀಲಿ ಒಂದು ಮದುವೆ. ಕರೆದಿದ್ದಾರಲ್ಲ ಅಂತ ತುಂಗಮ್ಮ ಹುಬ್ಬಿನ ಜಾಗಕ್ಕೆ ಕಾಡಿಗೆ ತೀಡಿ, ತಲೆ ಮೇಲೆ ಸೆರಗು ಹೊದ್ದು ಹೋದಳಂತೆ. ಆರತಿ ತಟ್ಟೆಗೆ ಕೈ ಹಾಕಿದಾಗ ಹುಡುಗಿಯ ಅಜ್ಜಿ ಬಂದು, ನೀನು ಕೂತ್ಕೋ ತಾಯಿ, ಪಾಪ ಸುಸ್ತಾಗಿರ್ತೀಯ ಅಂತ ಮೆತ್ತಗೆ ತಟ್ಟೆ ತಗೊಂಡಳಂತೆ. ಬೈದಿದ್ರೆ ವಾಸಿಯಿತ್ತು.

ತುಂಗಮ್ಮ ಊಟಕ್ಕೆ ನಿಲ್ಲದೆ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದಳಂತೆ. ನಾನಿನ್ನು ಆಸ್ಪತ್ರೆಗೆ ಬರಲ್ಲ, ಇದ್ದಷ್ಟು ದಿನ ಇದ್ದು ಮುತ್ತೈದೆಯಾಗೇ ಸಾಯ್ತೀನಿ ಅಂದಳಂತೆ. ದೊಡ್ಡ ಮಗಳು ಬೇಡ್ಕೊಂಡಳು, ನಡುವಿನವಳು ಊಟ ಬಿಟ್ಟಳು, ಚಿಕ್ಕವಳು ಅತ್ತು ಅತ್ತು ಅಲ್ಲೇ ನಿದ್ದೆ ಹೋದಳು. ಶ್ಯಾಮಣ್ಣ ಹಜಾರದಲ್ಲಿ ತಲೆ ಹಿಡ್ಕೊಂಡು ಕೂತುಬಿಟ್ಟನಂತೆ. ಹೋಗೋ ತಾರೀಕು ದಾಟಿಯೇ ಹೋಯ್ತಂತೆ.

ಆಗ ಲಚ್ಚತ್ತೆ ಎದ್ದು ಬಂದಳಂತೆ. ಮಡಿ ಅಂತ ಮಕ್ಕಳನ್ನೂ ಮುಟ್ಟಿಸಿಕೊಳ್ಳದವಳು, ಸೀದಾ ಬಂದು ತುಂಗಮ್ಮನ ಹಾಸಿಗೆ ಮೇಲೇ ಕೂತಳಂತೆ. ತುಂಗಮ್ಮ ತಿರುಗಿ ನೋಡದೆ, ಅತ್ತೆ, ಆಚೆ ಹೋಗು, ನಿನ್ನ ತಲೆ ಕಂಡ್ರೆ ನಂಗೆ ಮೊದಲಿಂದ ಹೆದರಿಕೆ ಅಂದುಬಿಟ್ಟಳಂತೆ.

ಗೊತ್ತು ಕಣೆ, ಬಾಗಿಲ ಸಂದೀಲಿ ನಿನ್ನ ಕಣ್ಣು ಕಾಣೋದು, ನಂಗೂ ಹೆದರಿಕೆ ಆಗೋದು ಅಂದಳಂತೆ ಲಚ್ಚತ್ತೆ. ನನ್ನ ಕೂದಲು ತೆಗೆಸಿದ್ದು ಸತ್ತೋನಿಗೋಸ್ಕರ. ಅವನ ಮುಖ ಕೂಡ ನಂಗೆ ಜ್ಞಾಪಕ ಇಲ್ಲ. ಬೇಕೋ ಬೇಡವೋ ಅಂತ ನನ್ನ ಯಾರೂ ಕೇಳಲೂ ಇಲ್ಲ. ನಿನ್ನದು ಹೋಗಿರೋದು ನೀನು ಬದುಕಲಿ ಅಂತ. ಎರಡೂ ಒಂದೇ ಅಂತ ಯಾವಳೇ ಹೇಳಿದ್ದು ನಿಂಗೆ?

ಆದ್ರೂ ಹೆದರಿಕೆ ಹೋಗ್ತಿಲ್ಲ ಅತ್ತೆ ಅಂದಳಂತೆ ತುಂಗಮ್ಮ.

ಹೋಗದಿದ್ರೆ ಇರ್ಲಿ, ಅದನ್ನೂ ಕರ್ಕೊಂಡೇ ಹೋಗೋಣ, ಏಳು, ನಾನೂ ಬರ್ತೀನಿ ಅಂದಳಂತೆ.

ಹಾಗೆ ಮೂರನೇ ಸಲ ಇಬ್ಬರೂ ಹೋದ್ರಂತೆ. ಲಚ್ಚತ್ತೆ ಬಸ್ ಹತ್ತಿದ್ದೇ ಅವತ್ತು ಮೊದಲು, ಎರಡೂ ಕೈಲಿ ಮುಂದಿನ ಸೀಟು ಹಿಡ್ಕೊಂಡು ಕೂತಿದ್ದಳಂತೆ. ಆಸ್ಪತ್ರೇಲಿ ತುಂಗಮ್ಮನ ಕೈಗೆ ಸೂಜಿ ಚುಚ್ಚಿದ್ರಂತೆ, ಲಚ್ಚತ್ತೆ ವಾಂತಿ ಬೇಸಿನ್ ಹಿಡ್ಕೊಂಡು ನಿಂತಳಂತೆ. ಸುತ್ತ ನೋಡಿದ್ರೆ ಎಲ್ಲಾ ಬೋಳು ತಲೆಗಳೇ. ಪಕ್ಕದ ಮಂಚದಲ್ಲಿ ಹಸೀನಾ ಅಂತ ಒಬ್ಬ ಹುಡುಗಿ ಮಲಗಿದ್ದಳಂತೆ. ಅಜ್ಜಿ, ನಿಮಗೆಲ್ಲಿ ಕ್ಯಾನ್ಸರ್ ಅಂತ ಕೇಳಿದಳಂತೆ. ನಂಗೇನೂ ಕಾಯಿಲೆ ಇಲ್ಲ ತಾಯಿ, ಗಂಡ ಸತ್ತಿದ್ದ ಅಷ್ಟೇ ಅಂದಳಂತೆ ಲಚ್ಚತ್ತೆ. ಹಾಗಿದ್ರೆ ಬಿಟ್ರೆ ಬರುತ್ತಲ್ಲ ಅಜ್ಜಿ ನಿಮ್ಮದೂ ಅಂದಳಂತೆ ಆ ಹುಡುಗಿ. ಲಚ್ಚತ್ತೆ ಬೇಸಿನ್ ಕೆಳಗಿಟ್ಟು ತನ್ನ ತಲೆ ಸವರಿ ನೋಡ್ಕೊಂಡಳಂತೆ.

ಆಮೇಲೂ ಎಷ್ಟೋ ಸಲ ಹೋದ್ರಂತೆ. ಒಂದು ಸಲ ಹೋದಾಗ ಹಸೀನಾ ಮಂಚದಲ್ಲಿ ಬೇರೆ ಯಾರೋ ಇದ್ರಂತೆ. ನರ್ಸಮ್ಮನ್ನ ಕೇಳಿದ್ರೆ ತಲೆ ತಗ್ಗಿಸಿದಳಂತೆ. ಅವತ್ತು ವಾಪಸ್ ಬರ್ತಾ ದಾರಿಯುದ್ದಕ್ಕೂ ತುಂಗಮ್ಮ ಲಚ್ಚತ್ತೆ ಸೆರಗು ಹಿಡ್ಕೊಂಡೇ ಕೂತಿದ್ದಳಂತೆ, ಚಿಕ್ಕ ಮಗು ಹಾಗೆ. ನಾನೂ ಹಾಗೇ ಹೋಗ್ತೀನಾ ಅತ್ತೆ ಅಂದ್ರೆ, ನಂಗೇನು ಗೊತ್ತೇ, ಇವತ್ತು ಇದ್ದೀಯಲ್ಲ ಅಂದಳಂತೆ.

ಆಮೇಲೆ ಔಷಧಿ ಮುಗೀತಂತೆ. ಡಾಕ್ಟರಮ್ಮ ಈಗ ಏನೂ ಕಾಣ್ತಿಲ್ಲ, ಆದ್ರೆ ಬಂದು ತೋರಿಸ್ತಾ ಇರಿ ಅಂದಳಂತೆ. ಒಂದಿನ ಬೆಳಿಗ್ಗೆ ಹಿತ್ತಲ ಬಿಸಿಲಲ್ಲಿ ಲಚ್ಚತ್ತೆ ತುಂಗಮ್ಮನ ತಲೆ ಸವರಿ, ಬಂತು ಕಣೆ ಅಂದಳಂತೆ. ನವಿರು ನವಿರು, ಅರ್ಧ ಬಿಳಿ. ಆ ತಿಂಗಳು ಕ್ಷೌರದವನು ಬಂದ್ರೆ ಲಚ್ಚತ್ತೆ ಅವನಿಗೆ ಮಜ್ಜಿಗೆ ಕೊಟ್ಟು, ಇನ್ನು ಬರಬೇಡಪ್ಪ, ನಾನೂ ಕೂದಲು ಬಿಡ್ತೀನಿ ಅಂದಳಂತೆ. ಈ ವಯಸ್ಸಲ್ಲಿ ಇದೇನು ಅಂತ ನೆಂಟರು ಬೈದ್ರಂತೆ, ಬರೋದು ನಿಲ್ಲಿಸಿದ್ರಂತೆ, ಅವಳು ಜಗ್ಗಲಿಲ್ಲವಂತೆ. ಬೆಳ್ಳಗೆ, ಬಿಡಿಸಿದ ಹತ್ತಿ ಹಾಗೆ ಬಂತಂತೆ ಅವಳ ಕೂದಲು.

ತುಂಗಮ್ಮನ ಹೆದರಿಕೆ ಪೂರ್ತಿ ಹೋಗಲಿಲ್ಲ ಮಗಳೇ, ತೋರಿಸೋ ದಿನ ಬಂತು ಅಂದ್ರೆ ಹಿಂದಿನ ರಾತ್ರಿ ನಿದ್ದೆ ಇಲ್ಲ. ಆದ್ರೂ ಇಬ್ಬರೂ ಬೈತಲೆ ತೆಗೆದು ಬಾಚ್ಕೊಂಡು ಬಸ್ ಹತ್ತೋರಂತೆ, ಕಿಟಕಿ ಪಕ್ಕದ ಸೀಟು ನಂಗೆ ನಂಗೆ ಅಂತ ಜಗಳ ಆಡೋರಂತೆ, ಶ್ಯಾಮಣ್ಣ ಸೀಟಿ ಊದಿ, ಇಬ್ಬರೂ ಸುಮ್ಮನೆ ಕೂತ್ಕೊಳ್ಳಿ ಅಂತ ಗದರೋನಂತೆ. ಬಸ್ಸು ಹೊರಡ್ತು, ಕತೇನೂ ಮುಗೀತು. ನಿದ್ದೆ ಬಂತಾ?