ಕಣ್ಣು ಮುಚ್ಚಿ ನಕ್ಕ ಗೋಸುಂಬೆ

ಬೇಲಿ ಮೇಲಿನ ಗೋಸುಂಬೆ ಕಣ್ಣಾಮುಚ್ಚಾಲೆ ಆಡಿಯೇ ಹೊಟ್ಟೆ ಹೊರೀತಿದ್ದ. ಗೆದ್ದಾಗೆಲ್ಲ ನೋಡೋಕೆ ಬಂದೋರು ಹುಳ ಕೊಡೋರು, ತಲೆಗೆ ಹೂವಿನ ಕಿರೀಟ ಇಡೋರು. ಆ ಭಂಡ ಎಣಿಸೋವಾಗ ಒಂದೇ ಕಣ್ಣು ಮುಚ್ಚಿ, ಇನ್ನೊಂದನ್ನ ಎಲೆ ಮರೇಲಿ ಹಿಂದಕ್ಕೆ ತಿರುಗಿಸಿ, ಯಾರು ಎಲ್ಲಿ ಅಡಗಿದ್ರು ಅಂತ ನೋಡ್ಕೊಳ್ತಿದ್ದ.

ಹತ್ತು ಸಲ ಸೋತ ಅಳಿಲಿಗೆ ಅನುಮಾನ ಬಂತು. ದೊಡ್ಡ ಪಂದ್ಯದ ದಿನ ಅವಳು ಅಡಗಲೇ ಇಲ್ಲ. ಗೋಸುಂಬೆ ಮರಕ್ಕೆ ಮುಖ ಒತ್ತಿ ಎಣಿಸ್ತಿದ್ರೆ, ಇವಳು ಬಾಲಾನ ಸೆರಗಿನ ಹಾಗೆ ತಲೆ ಮೇಲೆ ಹೊದ್ದು, ಆಟ ನೋಡೋಕೆ ಮರಿಗಳ ಜೊತೆ ಬಂದಿದ್ದ ಕೋಳಿಯಕ್ಕನ ಹಾಗೆ ಸೊಂಟ ಬಳುಕಿಸ್ತಾ ನಡೆದಳು. ಹನ್ನೆರಡರವರೆಗೆ ಎಣಿಸಿದೋನು ಗೊಳ್ಳಂತ ನಕ್ಕುಬಿಟ್ಟ.

"ಕಣ್ಣು ಮುಚ್ಕೊಂಡು ಏನು ಕಂಡ್ಯಪ್ಪ?" ಅಂದಳು ಕೋಳಿಯಕ್ಕ.

"ಏನೋ ನೆನಪಾಯ್ತು ಅಕ್ಕ. ನಿನ್ನ ನಡಿಗೆ, ಆ ಬಾಲದ ಸೆರಗು..." ಅಂದು ನಾಲಿಗೆ ಕಚ್ಕೊಂಡ.

ಕಿರೀಟ ಹೋಯ್ತು. ಹುಳನೆಲ್ಲ ಕೋಳಿಮರಿಗಳು ಅವನ ಎದುರಿಗೇ ನುಂಗಿದ್ವು. ಮೂರು ದಿನ ಎಲೆ ಬಣ್ಣಕ್ಕೆ ತಿರುಗಿ ಮುಖ ಮರೆಸ್ಕೊಂಡಿದ್ದ. ನಾಲ್ಕನೇ ದಿನ ಆಟದ ಆಸೆ ತಡೀಲಿಲ್ಲ. "ನನ್ನೂ ಸೇರಿಸ್ಕೊಳ್ರೇ" ಅಂದ.

ಅಳಿಲು ಅವನ ಎರಡೂ ಕಣ್ಣಿಗೆ ಎಲೆ ಕಟ್ಟಿದಳು. ತಡಕಾಡ್ತಾ ಹೋದೋನು ಪೊದೆ ಅಂತ ಕೋಳಿಯಕ್ಕನ ಪುಕ್ಕ ಹಿಡಿದ. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ.

"ನಗಪ್ಪ, ನಗು," ಅಂದಳು ಅಳಿಲು. "ಇವತ್ತು ಏನು ಕಂಡೆ ಅಂತ ಯಾರೂ ಕೇಳಲ್ಲ."