ಸೋಮಾರಿಗಳ ಜಾಗ

ವರ್ಷಿತಾಳ ಗೇಮಿಂಗ್ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಬಂದು ಕೂತಿತು. ಹತ್ತು ವರ್ಷದಿಂದ ಅಲ್ಲೇ ಬೇರುಬಿಟ್ಟಿದ್ದ ಪ್ರೊಸೆಸರ್ ಅದನ್ನು ಎದುರುಗೊಂಡ ರೀತಿ ಯಾಕೋ ಕಾರ್ಡಿಗೆ ಸರಿಬರಲಿಲ್ಲ. ಮೊದಲ ದಿನವೇ ಇಷ್ಟು ಸಿಹಿ ಮಾತೇ?

“ಬನ್ನಿ, ಬನ್ನಿ. ನಿಮ್ಮ ಜಾಗದಲ್ಲಿದ್ದ ಹಳೇ ಕಾರ್ಡು ಶುದ್ಧ ಸೋಮಾರಿ. ಆಟ ಮುಗ್ಗರಿಸುತ್ತಿದ್ದುದು ಅವನಿಂದಲೇ,” ಎಂದಿತು ಪ್ರೊಸೆಸರ್.

ಆಟ ಶುರುವಾಯಿತು. ಕಾರ್ಡು ಒಂದು ಚಿತ್ರ ಬಿಡಿಸಿ ಮುಗಿಸಿ, ಮುಂದಿನ ಕೆಲಸಕ್ಕೆ ಕೈ ಚಾಚಿತು. ಕೆಲಸ ಕಳಿಸಬೇಕಾದ ಪ್ರೊಸೆಸರ್ ಇನ್ನೂ ಏದುಸಿರು ಬಿಡುತ್ತಿತ್ತು. ಕಾರ್ಡು ಕಾಯುತ್ತಾ ಕೂತಿತು. ಪರದೆಯ ಮೇಲೆ ಆಟ ಮೊದಲಿನ ಹಾಗೇ ಮುಗ್ಗರಿಸಿತು.

“ಆ ಹಳಬನೂ ಹೀಗೇ ಕೈಕಟ್ಟಿ ಕೂತಿರುತ್ತಿದ್ದನೇ?” ಕಾರ್ಡು ಕೇಳಿತು.

“ದಿನವಿಡೀ!”

“ಅವನಿಗೆ ಕೆಲಸ ಕೊಡಬೇಕಾಗಿದ್ದವರು ಯಾರು?”

ಪ್ರೊಸೆಸರ್ ಕೆಲಸದಲ್ಲಿ ಮುಳುಗಿದಂತೆ ನಟಿಸಿತು.

ಹೊರಗೆ ವರ್ಷಿತಾ ಗೆಳತಿಗೆ ಫೋನಿನಲ್ಲಿ ಹೇಳುತ್ತಿದ್ದಳು: “ಈ ಕಾರ್ಡೂ ಸಾಲಲ್ಲ ಕಣೇ. ವಾಪಸ್ ಕೊಟ್ಟು ಇನ್ನೂ ದೊಡ್ಡದು ತರಿಸ್ತೀನಿ.”

ಪ್ರೊಸೆಸರಿಗೆ ಹೋದ ಜೀವ ಬಂದಂತಾಯಿತು. ಪಕ್ಕದ ಫ್ಯಾನಿನ ಕಡೆ ತಿರುಗಿ, ಕಾರ್ಡಿಗೂ ಕೇಳುವ ಹಾಗೆ, ನಿಟ್ಟುಸಿರಿಟ್ಟಿತು:

“ಏನು ಮಾಡೋದು ಹೇಳಿ, ಈ ಜಾಗಕ್ಕೆ ಬರುವವರೆಲ್ಲ ಸೋಮಾರಿಗಳೇ.”