ನೀರು ನಿಂತ ಮೇಲಿನ ಅಳತೆ

ಕಡಲಿಗೆ ಕೂಗಳತೆ ದೂರದಲ್ಲಿ ಒಂದು ಪ್ರಯೋಗಶಾಲೆ. ಅಲ್ಲಿ ಗಜಾನನ ಮೇಷ್ಟ್ರು, ಅವರ ಬಳಿ ಸಂಶೋಧನೆಗೆಂದು ಬಂದ ಸುಗಂಧಿ ಹರಿಕಂತ್ರ. ಮೇಷ್ಟ್ರಿಗೆ ಮಾತೆಂದರೆ ಬಲು ಜಿಪುಣತನ. ಅವರ ಪಾಲಿನದನ್ನೂ ಸುಗಂಧಿಯೇ ಆಡಿ ಮುಗಿಸುತ್ತಿದ್ದಳು.

ಅವಳ ಕೆಲಸವೆಲ್ಲ ಗಾಜಿನ ಗೋಡೆಯ ಒಂದು ಉದ್ದನೆಯ ತೊಟ್ಟಿಯ ಮುಂದೆ. ತಳದಲ್ಲಿ ಮೊಳದಷ್ಟು ಮರಳು, ಮರಳಿನಲ್ಲಿ ನೆಟ್ಟ ಒಂದು ಕಂಬ. ನೀರು ಬಿಟ್ಟರೆ ಕಂಬದ ಬುಡದಲ್ಲಿ ಸುಳಿಯೆದ್ದು ಮರಳನ್ನು ಕೊರೆಯುತ್ತದೆ. ಆ ಗುಂಡಿ ಎಷ್ಟು ಆಳ ಎಂದು ಅವಳು ಅಳೆಯಬೇಕು. ಮುಂದೆ ಕಟ್ಟಲಿರುವ, ಮೀನುಗಾರರ ದೋಣಿ ನಿಲ್ಲಿಸುವ ಜೆಟ್ಟಿಯ ಕಂಬಗಳನ್ನು ಕಡಲಿನಲ್ಲಿ ಎಷ್ಟು ಆಳಕ್ಕೆ ಇಳಿಸಬೇಕೆಂಬುದು ಈ ಅಳತೆಯನ್ನೇ ನೆಚ್ಚಿಕೊಂಡಿತ್ತು.

ದೋಣಿಗೆ ಹೋಗುತ್ತಿದ್ದ ಅವಳ ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಅಮ್ಮನ ಜೊತೆಗಿರಲು ಒಂದು ತಿಂಗಳ ರಜೆ ಬೇಕೆಂದು ಸುಗಂಧಿ ಅರ್ಜಿ ಕೊಟ್ಟಿದ್ದಳು. ಸೋಮವಾರ ಬಂದು ಅದನ್ನು ವಾಪಸ್ ಕೇಳಿದಳು.

"ನಿನ್ನೆ ಊಟದ ಹೊತ್ತಿಗೆ ಮನೆಗೆ ಹೋಗಿದ್ದೆ ಸರ್. ಅಮ್ಮ ಆರಾಮ ಇದ್ದಾಳೆ. ನೆಂಟರಿಗೆಲ್ಲ ತಾನೇ ಬಡಿಸಿದಳು, ನಕ್ಕಳು ಕೂಡ. ರಜೆ ಬೇಡ."

ಮೇಷ್ಟ್ರು ಅರ್ಜಿ ಕೊಡಲಿಲ್ಲ. ಗುಂಡಿಯ ಆಳ ಎಷ್ಟು ಬಂತೆಂದು ಕೇಳಿದರು.

"ಒಂಬತ್ತು ಸೆಂಟಿಮೀಟರ್."

"ಮತ್ತೆ ಅಳೆ."

ಮರುದಿನ ಅಳೆದಳು, ಒಂಬತ್ತು. ಅದರ ಮರುದಿನವೂ ಒಂಬತ್ತೇ. ಸುಗಂಧಿಯ ಮುಖ ಊದಿಕೊಂಡಿತು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಮೂರು ಸಲ ಪ್ರಮಾಣಿಸಿದ್ದೇನೆ ಸರ್."

"ಯಾವಾಗ ಅಳೆದೆ?"

"ನೀರು ನಿಲ್ಲಿಸಿ, ತೊಟ್ಟಿ ಬರಿದು ಮಾಡಿದ ಮೇಲೆ. ಆಗಲ್ವಾ ಎಲ್ಲ ಸರಿಯಾಗಿ ಕಾಣೋದು?"

ಮೇಷ್ಟ್ರು ಎದ್ದು ಹಳೆಯ ಕಂಬವನ್ನು ಕಿತ್ತು, ಅಷ್ಟೇ ದಪ್ಪದ, ಗಾಜಿನಂತೆ ಆಚೆ ಕಾಣುವ ಟೊಳ್ಳು ಕಂಬವೊಂದನ್ನು ನೆಟ್ಟರು. ಅದರ ಮೈಮೇಲೆ ಸೆಂಟಿಮೀಟರಿನ ಗೆರೆಗಳಿದ್ದವು. ಒಳಗೆ ಹೆಬ್ಬೆರಳಿನಷ್ಟು ಕ್ಯಾಮೆರಾ ಇಳಿಬಿಟ್ಟು, ಎರಡು ಸ್ಟೂಲು ಎಳೆದುಕೊಂಡು ಬಂದರು.

ನೀರು ಬಿಟ್ಟು ಇಬ್ಬರೂ ಕೂತರು. ಮಧ್ಯಾಹ್ನ ಕಳೆಯಿತು. ಕ್ಯಾಮೆರಾದ ಪರದೆಯ ಮೇಲೆ ಮರಳು ಇಳಿಯುತ್ತ ಹೋಗಿ, ಹದಿನಾಲ್ಕರ ಗೆರೆಯಲ್ಲಿ ನಿಂತಿತು.

"ಈಗ ನಿಲ್ಲಿಸು," ಎಂದರು ಮೇಷ್ಟ್ರು.

ನೀರು ನಿಂತಿತು. ಅಂಚಿನ ಮರಳು ಸದ್ದಿಲ್ಲದೆ ಜಾರಿತು, ತೇಲುತ್ತಿದ್ದದ್ದು ತಳಕ್ಕಿಳಿಯಿತು. ಗುಂಡಿ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ಹದಿಮೂರು, ಹನ್ನೊಂದು, ಕೊನೆಗೆ ಒಂಬತ್ತು.

ತನ್ನ ಒಂಬತ್ತನ್ನು ನಂಬಿ ಜೆಟ್ಟಿ ಕಟ್ಟಿದ್ದರೆ ಮೊದಲ ಮಳೆಗಾಲಕ್ಕೇ ಕಂಬ ಅಲುಗಾಡುತ್ತಿತ್ತು ಎಂದಳು ಸುಗಂಧಿ. ಮೇಷ್ಟ್ರು ತಲೆಯಾಡಿಸಿದರು.

ಆಮೇಲೆ ಮೇಜಿನ ಖಾನೆಯಿಂದ ಅವಳ ಅರ್ಜಿ ತೆಗೆದರು. ಅವಳು ಕೊಟ್ಟ ದಿನವೇ ಅದಕ್ಕೆ ಸಹಿ ಬಿದ್ದಿತ್ತು.

"ನಿಮ್ಮಪ್ಪನ ದೋಣಿ ದಡಕ್ಕೆ ಬರ್ತಿದ್ದದ್ದು ಎಷ್ಟು ಹೊತ್ತಿಗೆ, ತಂಗಿ?"

"ಬೆಳಗ್ಗೆ ಆರಕ್ಕೆ. ಅಮ್ಮ ಬುಟ್ಟಿ ಹಿಡ್ಕೊಂಡು ಕಾಯ್ತಾ ನಿಂತಿರ್ತಿದ್ದಳು."

ಹೇಳುತ್ತಿದ್ದಂತೆ ಅವಳಿಗೆ ಹೊಳೆಯಿತು. ಅಪ್ಪನ ಕಾರ್ಯ ಮುಗಿಸಿ ಬಂದ ಮೇಲೆ ಒಂದು ಬೆಳಗ್ಗೆಯೂ ಅವಳು ಆ ಹೊತ್ತಿಗೆ ಮನೆಯಲ್ಲಿರಲಿಲ್ಲ. ಹೋದಾಗಲೆಲ್ಲ ಊಟದ ಹೊತ್ತು, ಮನೆ ತುಂಬ ಜನ.

ಮೇಷ್ಟ್ರು ಅರ್ಜಿಯನ್ನು ಮಡಿಸಿ ಅವಳ ಕೈಯಲ್ಲಿಟ್ಟರು.

"ನಾಳೆ ಆರಕ್ಕೆ ಅಮ್ಮನ ಪಕ್ಕದಲ್ಲಿ ನಿಂತಿರು. ಏನೂ ಕೇಳಬೇಡ."